ಒಂದೇ ಒಲೆಯ ಗಂಡ ಹೆಂಡತಿ

ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಯಜಮಾನರ ಉತ್ತರ ಒಂದೇ ಆಗಿರುತ್ತಿತ್ತು: "ಕಾಶಿಗೆ ಬಂದವರೆಲ್ಲ ಗಂಗಾಜಲ ಹೊತ್ಕೊಂಡು ಹೋಗ್ತಾರೆ. ಇವಳು ಕಾಶಿ ಜನರ ಮೂತ್ರ ಹೊತ್ಕೊಂಡು ಬರ್ತಾಳೆ." ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಚಹಾದ ಕಪ್ಪು ನೋಡುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಾನೇ ಹಾಗೆ ಹೇಳಿಕೊಳ್ಳಲು ಶುರು ಮಾಡಿದೆ, ಯಾಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮದುವೆಯಾಗಿ ದಾವಣಗೆರೆಯಿಂದ ಬನಾರಸಿಗೆ ಬಂದವಳು ನಾನು. ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ, ಮನೆ ಜಂಗಮವಾಡಿಯ ಓಣಿಯಲ್ಲಿ. ನಾನು ಒಂದು ದೊಡ್ಡ ಆಸ್ಪತ್ರೆಯ ಹಾರ್ಮೋನು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಯಾವಾಗ ಯಾವ ಗ್ರೇಡ್ ಸಿಕ್ಕಿತು ಎಂಬುದನ್ನು ಪೆನ್ಷನ್ ಆಫೀಸಿನವರಿಗೆ ಬಿಟ್ಟುಬಿಡುತ್ತೇನೆ. ಈಗ ಇದೇ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದದ್ದು ಬೇರೆ. ನೀವು ಮೆಷಿನ್ನಿಗೆ ಟ್ಯೂಬ್ ಇಟ್ಟು ಬಟನ್ ಒತ್ತುತ್ತೀರಿ, ಪರದೆಯ ಮೇಲೆ ಸಂಖ್ಯೆ ಬರುತ್ತದೆ. ನಮ್ಮ ಕಾಲದಲ್ಲಿ ಆ ಸಂಖ್ಯೆ ಬರಬೇಕಾದರೆ ಕರೆಂಟು ಇರಬೇಕಿತ್ತು, ಜನರೇಟರಿಗೆ ಡೀಸೆಲ್ ಇರಬೇಕಿತ್ತು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ದಿಲ್ಲಿಗೆ ಕಳಿಸಿದ ಸ್ಯಾಂಪಲ್ಲು ಮಂಜಿನಲ್ಲಿ ನಿಂತ ರೈಲಿನಲ್ಲಿ ಕರಗದೆ ಉಳಿಯಬೇಕಿತ್ತು. ಇಷ್ಟೆಲ್ಲ ಆದಮೇಲೂ ಆ ಸಂಖ್ಯೆಯನ್ನು ನಂಬದೆ ಅನುಮಾನದಿಂದ ನೋಡುತ್ತಿದ್ದ ಒಬ್ಬರ ಕೈಕೆಳಗೆ ನಾನು ಕೆಲಸ ಮಾಡಿದೆ. ಅದು ನನ್ನ ಪುಣ್ಯ.

ಅವರು ಡಾ. ಶಾಂತಲಾ, ಮೈಸೂರಿನವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮದುವೆಯಾಗಿರಲಿಲ್ಲ. ದಪ್ಪಗಿದ್ದರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಒಪಿಡಿಗೆ ಬಂದ ದಪ್ಪ ಹೆಂಗಸರಿಗೆ ಅವರು ಮೊದಲು ಹೇಳುತ್ತಿದ್ದ ಮಾತೇ ಇದು: "ತೂಕ ಇಳಿಸಿ ಅಂತ ಹೇಳೋಕೆ ನಾನು ಬೇಕಾಗಿಲ್ಲ, ಅದಕ್ಕೆ ನಿಮ್ಮ ಪಕ್ಕದ ಮನೆಯವರಿದ್ದಾರೆ. ಬನ್ನಿ, ನಿಮ್ಮ ಮೈಯೊಳಗೆ ಏನಾಗ್ತಿದೆ ನೋಡೋಣ." ಬೈಸಿಕೊಳ್ಳಲು ತಯಾರಾಗಿ ಬಂದ ಎಷ್ಟೋ ಜನ ಅಲ್ಲೇ ಅತ್ತುಬಿಡುತ್ತಿದ್ದರು.

ಎರಡು ಸಾವಿರನೇ ಇಸವಿಯ ನಂತರದ ಆ ವರ್ಷಗಳಲ್ಲಿ ಅವರು ಹಿಡಿದ ಕೆಲಸ ಕಾರ್ಟಿಸೋಲಿನದು. ಮೈಗೂ ಮನಸ್ಸಿಗೂ ಒತ್ತಡವಾದಾಗ ಅಡ್ರಿನಲ್ ಗ್ರಂಥಿ ಸುರಿಸುವ ಹಾರ್ಮೋನು ಅದು. ಆ ಗ್ರಂಥಿ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುತ್ತದೆ. ದಪ್ಪಗಿರುವವರ ರಕ್ತದಲ್ಲಿ ಈ ಹಾರ್ಮೋನು ತುಂಬಿ ತುಳುಕುತ್ತಿರಬೇಕು ಎಂದು ಎಲ್ಲರ ಎಣಿಕೆ. ಪರೀಕ್ಷೆ ಮಾಡಿದರೆ ಬಹಳ ಜನರಲ್ಲಿ ಹಾಗಿರುತ್ತಿರಲಿಲ್ಲ. ಮೇಡಂ ನನಗೆ ಅದನ್ನು ವಿವರಿಸಿದ್ದು ನಮ್ಮ ಲ್ಯಾಬಿನ ನೀರಿನ ತೊಟ್ಟಿಯ ಮುಂದೆ. "ನೋಡು ವನಜಾ, ನಲ್ಲೀನೂ ಜೋರಾಗಿ ಬಿಡು, ಕೆಳಗಿನ ತೂಬೂ ಜೋರಾಗಿ ಬಿಡು. ತೊಟ್ಟೀಲಿ ನೀರು ಅಷ್ಟೇ ಇರತ್ತೆ. ದಪ್ಪಗಿರೋರ ಮೈ ಹೆಚ್ಚು ಮಾಡತ್ತೆ, ಹೆಚ್ಚು ಒಡೆದು ಹೊರಗೆ ಹಾಕತ್ತೆ. ರಕ್ತ ನೋಡಿದ್ರೆ ಏನೂ ಗೊತ್ತಾಗಲ್ಲ. ತೂಬಿನ ಹತ್ರ ಕೂತ್ಕೋಬೇಕು."

ತೂಬಿನ ಹತ್ತಿರ ಕೂರುವುದೆಂದರೆ ಒಂದು ಪೂರ್ತಿ ದಿನದ ಮೂತ್ರವನ್ನು ಡಬ್ಬಿಯಲ್ಲಿ ಹಿಡಿದಿಟ್ಟು, ಕಾರ್ಟಿಸೋಲ್ ಒಡೆದು ಏನೇನಾಗಿದೆ ಎಂದು ಅಳೆಯುವುದು. ಗಂಡಸಿನ ಮೈ ಒಡೆಯುವ ಬಗೆಗೂ ಹೆಂಗಸಿನ ಮೈ ಒಡೆಯುವ ಬಗೆಗೂ ವ್ಯತ್ಯಾಸವಿದೆಯೇ ಎಂಬುದು ಮೇಡಂ ಪ್ರಶ್ನೆ. ಅದಕ್ಕೆ ಅವರು ಹೂಡಿದ ಉಪಾಯ ನನಗೆ ಈಗಲೂ ಖುಷಿ ಕೊಡುತ್ತದೆ. ಇಬ್ಬರೂ ದಪ್ಪಗಿರುವ ಗಂಡ ಹೆಂಡತಿಯರನ್ನೇ ಹುಡುಕಿ ಸೇರಿಸಿದರು. ಒಂದೇ ಒಲೆ, ಒಂದೇ ಉಪ್ಪು, ಒಂದೇ ಮನೆಯ ಚಿಂತೆ. ಉಳಿಯುವ ವ್ಯತ್ಯಾಸ ಗಂಡು ಹೆಣ್ಣಿನದೇ ಆಗಿರಬೇಕು ಎಂಬುದು ಅವರ ಯೋಚನೆ.

ಕೇಳಲು ಚೆಂದ. ಡಬ್ಬಿ ಕೊಟ್ಟು ಕಳಿಸಿದ ಮೇಲೆ ಆಗುತ್ತಿದ್ದ ಫಜೀತಿ ಕೇಳಿ. ಗೋದೌಲಿಯಾದ ಸೀರೆ ಅಂಗಡಿಯ ಒಬ್ಬ ಸೇಠ್ ಡಬ್ಬಿಯನ್ನು ಕತ್ತಿನ ತನಕ ತುಂಬಿಸಿ ರಿಕ್ಷಾದಲ್ಲಿ ತಂದರು. ಮನುಷ್ಯನೊಬ್ಬನಿಂದ ಅಷ್ಟು ಸಾಧ್ಯವಿರಲಿಲ್ಲ. ಮೇಡಂ ಮೆತ್ತಗೆ ವಿಚಾರಿಸಿದರೆ ಸೇಠ್ ಹೆಮ್ಮೆಯಿಂದ ಹೇಳಿದರು: "ಡಬ್ಬಾ ಬಡಾ ಥಾ ಮೇಡಂಜೀ. ಘರ್ ವಾಲೋಂ ನೇ ಭೀ ಮದದ್ ಕರ್ ದೀ." ಡಬ್ಬಿ ದೊಡ್ಡದಿತ್ತಂತೆ, ಖಾಲಿ ಒಪ್ಪಿಸುವುದು ಮರ್ಯಾದೆಯಲ್ಲವೆಂದು ಮನೆಮಂದಿಯೆಲ್ಲ ಕೈಜೋಡಿಸಿದ್ದರು. ಮೇಡಂ ಅವರ ಮುಂದೆ ನಗು ತಡೆದುಕೊಂಡರು. ಧನ್ಯವಾದ ಹೇಳಿ, ಮತ್ತೆ ಮೊದಲಿಂದ ತಿಳಿಸಿ, ಹೊಸ ಡಬ್ಬಿ ಕೊಟ್ಟು ಕಳಿಸಿದರು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇನ್ನೊಂದು ಮನೆಯ ಸೊಸೆ, ಪಾಪ, ಅತ್ತೆಯ ಬೆಂಗಾವಲಿನಲ್ಲಿ ಬಂದವಳು. ರಕ್ತದಲ್ಲಿ ಕಾರ್ಟಿಸೋಲ್ ವಿಪರೀತ. ಚಿಕ್ಕ ಡಾಕ್ಟರುಗಳು ಆಗಲೇ ದೊಡ್ಡ ಕಾಯಿಲೆಯ ಹೆಸರು ಹೇಳತೊಡಗಿದ್ದರು. ಮೇಡಂ ಆ ಅತ್ತೆಯನ್ನು ನನ್ನ ಜೊತೆ ಚಹಾ ಕುಡಿಯಲು ಕಳಿಸಿದರು. ನಾವು ಮರಳಿ ಬರುವಷ್ಟರಲ್ಲಿ ಕಾಯಿಲೆ ವಾಸಿಯಾಗಿತ್ತು. ಸೊಸೆ ಮನೆಯವರಿಗೆ ಗೊತ್ತಾಗದಂತೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಳು. ಆ ಮಾತ್ರೆಯಿಂದ ರಕ್ತದಲ್ಲಿ ಕಾರ್ಟಿಸೋಲನ್ನು ಹಿಡಿದಿಡುವ ಪ್ರೋಟೀನು ಏರುತ್ತದೆ, ಸಂಖ್ಯೆ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಸೊಸೆಗೆ ಏನೂ ಆಗಿಲ್ಲ ಎಂದು ಮೇಡಂ ಅತ್ತೆಗೆ ಹೇಳಿದ್ದು ಇಷ್ಟೇ: "ಬಹೂ ಬಿಲ್ಕುಲ್ ಠೀಕ್ ಹೈ." ಆ ಹುಡುಗಿಯ ಗುಟ್ಟು ನಮ್ಮ ಲ್ಯಾಬಿನಿಂದ ಹೊರಗೆ ಹೋಗಲಿಲ್ಲ.

ಇನ್ನು ಭಟ್ಟರ ವಿಷಯ. ಶಿವಾಲದಲ್ಲಿ ಇದ್ದ ನರಸಿಂಹ ಭಟ್ಟರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪಿಂಡ, ತರ್ಪಣ, ಸಂಕಲ್ಪ ಮಾಡಿಸುವ ಪುರೋಹಿತರು. ಅಜ್ಜನ ಕಾಲಕ್ಕೇ ಹಾಸನದ ಕಡೆಯಿಂದ ಬಂದ ಮನೆತನ. ಕೇದಾರ ಘಾಟಿನ ಕೆಳಗೆ ನಿಂತು ಅವರು ಸಂಕಲ್ಪ ಹೇಳಿಸಿದರೆ ಮೇಲಿನ ಓಣಿಗೆ ಕೇಳುತ್ತಿತ್ತು, ಅಂಥ ಕಂಠ. ಹೆಂಡತಿ ಸಾವಿತ್ರಮ್ಮ. ಇಬ್ಬರದೂ ತುಂಬಿದ ಮೈ. ನಮ್ಮ ಅಧ್ಯಯನಕ್ಕೆ ಹೇಳಿ ಮಾಡಿಸಿದ ಜೋಡಿ.

ಸಾವಿತ್ರಮ್ಮ ಡಬ್ಬಿ ನೋಡಿದ್ದೇ ತಡ ಕೈಕೊಡವಿದರು. "ಬಚ್ಚಲಿಗೂ ದೇವರ ಮನೆಗೂ ಮಧ್ಯೆ ಇರೋದು ಒಂದು ಗೋಡೆ. ಇದನ್ನ ದಿನವಿಡೀ ಒಳಗಿಟ್ಕೊಂಡು ನಾನು ನೈವೇದ್ಯ ಮಾಡ್ಲಾ? ಛತ್ ಮೇಲೆ ಇಡ್ತೀನಿ ಬೇಕಾದ್ರೆ." ಸರಿ, ತಾರಸಿಯ ಮೇಲೆ ಇಟ್ಟರು. ಬನಾರಸಿನ ಕೋತಿಗಳು ಬಿಡುತ್ತವೆಯೇ? ಮುಚ್ಚಳ ತಿರುಗಿಸಿ, ಮೂಸಿ ನೋಡಿ, ಬೇಸರದಿಂದ ಪಕ್ಕದ ಮನೆಯ ಅಂಗಳಕ್ಕೆ ಸುರಿದವು. ಆ ಮನೆಯಲ್ಲಿ ಅಂದು ಉಪ್ಪಿನಕಾಯಿಗೆ ಹೋಳು ಒಣಗಿಸಿದ್ದರು. ಜಗಳ ಬಿಡಿಸಲು ಮೇಡಂ ತಾವೇ ಬಂದರು. ಪಕ್ಕದ ಮನೆಯಾಕೆಯ ಕ್ಷಮೆ ಕೇಳಿದರು, ಸಾವಿತ್ರಮ್ಮನಿಗೆ ಹೇಳಿದರು: "ಮೆಟ್ಟಿಲ ಕೆಳಗೆ ಹೊರಗಿನ ಪಾಯಖಾನೆ ಇದೆಯಲ್ಲ, ಅಲ್ಲಿ ಒಂದು ಮೂಲೆ ಕೊಡಿ. ಮಾರನೇ ದಿನ ನಾನೇ ಬಂದು ಎತ್ಕೊಂಡು ಹೋಗ್ತೀನಿ, ನೀವ್ಯಾರೂ ಮುಟ್ಟೋದೇ ಬೇಡ." ಬರೀ ಮಾತಲ್ಲ. ಮರುದಿನ ಪ್ರೊಫೆಸರ್ ಒಬ್ಬರು ಶಿವಾಲದ ಓಣಿಯಲ್ಲಿ ಕೈಗೊಂದು ಡಬ್ಬಿ ಹಿಡಿದು, ಎದುರು ಬಂದ ಗೂಳಿಗೆ ದಾರಿ ಬಿಟ್ಟು, ರಿಕ್ಷಾದವರೆಗೆ ನಡೆದರು. ನಾನು ಹಿಂದೆ ಖಾಲಿ ಕೈಯಲ್ಲಿ. ಕೊಡಿ ಅಂದರೆ ಕೊಡಲಿಲ್ಲ, ಮಾತು ಕೊಟ್ಟದ್ದು ತಾವು ಎಂದರು.

ಹೀಗೆ ಮನೆ ಮನೆಯಿಂದ ತಂದದ್ದರ ಫಲಿತಾಂಶ ಒಂದೊಂದೇ ಬಂತು. ಹೆಂಗಸರದು ಒಂದು ರೀತಿ, ಗಂಡಸರದು ಬೇರೆ ರೀತಿ. ಗಂಡಸರಲ್ಲಿ ಕಾರ್ಟಿಸೋಲ್ ನಿಷ್ಕ್ರಿಯವಾಗುವ ಒಂದು ಹೆಜ್ಜೆ ಮಂದವಾಗಿತ್ತು. ಅದರಲ್ಲೂ ಭಟ್ಟರದು ತೀರ ಹೆಚ್ಚು. ಮೇಡಂ ಹಿಗ್ಗಿದರು. ಇಷ್ಟು ಸ್ಪಷ್ಟ ವ್ಯತ್ಯಾಸವನ್ನು ಅವರೂ ಎಣಿಸಿರಲಿಲ್ಲ. ಹೊರದೇಶದ ಸಮ್ಮೇಳನವೊಂದರಲ್ಲಿ ಮಾತಾಡಲು ಕರೆ ಬಂತು. ವಿಭಾಗದಲ್ಲಿ ಮಿಠಾಯಿ ಹಂಚಿದೆವು.

ಅದೇ ಚಳಿಗಾಲದಲ್ಲಿ ಸಾವಿತ್ರಮ್ಮ ಒಬ್ಬರೇ ನಮ್ಮ ಲ್ಯಾಬಿಗೆ ಬಂದರು. ಕಣ್ಣು ಊದಿಕೊಂಡಿತ್ತು. "ಇವರಿಗೆ ಕಾಲು ಬರ್ತಿಲ್ಲ ವನಜಾ. ಘಾಟಿನ ಮೆಟ್ಟಿಲು ಇಳಿದ್ರೆ ಹತ್ತೋಕಾಗಲ್ಲ. ಮೇಲೇ ಕೂತು ಮಂತ್ರ ಹೇಳ್ತಾರೆ. ಗಂಗೆಗೆ ಇಳಿಯದ ಪುರೋಹಿತರ ಹತ್ರ ಯಾತ್ರಿಗಳು ಯಾಕೆ ಬರ್ತಾರೆ? ನರ್ಸಿಂಗ್ ಹೋಮಿನವರು ಹೊಟ್ಟೇಲಿ ಗಡ್ಡೆ ಇದೆ, ಕೊಯ್ದು ತೆಗೀಬೇಕು ಅಂತಾರೆ."

ಭಟ್ಟರ ಬಿಪಿ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದುಹೋಗಿತ್ತು, ಅದಕ್ಕೇ ಕಾಲಿನಲ್ಲಿ ಕಸುವಿರಲಿಲ್ಲ. ಸ್ಕ್ಯಾನಿನಲ್ಲಿ ಅಡ್ರಿನಲ್ ಗ್ರಂಥಿಯ ಮೇಲೆ ಸಣ್ಣ ಗಂಟು ಕಂಡಿತ್ತು. ಉಪ್ಪನ್ನು ಹಿಡಿದಿಡುವ ಇನ್ನೊಂದು ಹಾರ್ಮೋನನ್ನು ಆ ಗಂಟು ಸುರಿಸುತ್ತಿದೆ ಎಂದು ಅಲ್ಲಿನವರ ತೀರ್ಮಾನ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಮೇಡಂ ಆ ಹಾರ್ಮೋನನ್ನು ನಮ್ಮಲ್ಲಿ ಅಳೆಸಿದರು. ಹೆಚ್ಚಿರುವುದಿರಲಿ, ಇಲ್ಲವೆನ್ನುವಷ್ಟು ಕಡಿಮೆ! ಗಂಟು ಸುಮ್ಮನೆ ಕೂತಿತ್ತು, ತಪ್ಪು ಇನ್ನೆಲ್ಲೋ ಇತ್ತು. ಎಲ್ಲಿ ಎಂಬುದು ಮಾತ್ರ ತಿಳಿಯದು.

ಇಂಥ ಹೊತ್ತಿನಲ್ಲಿ ಬೇರೆಯವರು ಪುಸ್ತಕ ತೆಗೆಯುತ್ತಾರೆ. ಮೇಡಂ ಚಪ್ಪಲಿ ಮೆಟ್ಟಿದರು. ರೋಗಿಯ ಒಂದು ದಿನವನ್ನು ಕಣ್ಣಾರೆ ನೋಡದೆ ಅವನ ಸಂಖ್ಯೆಯನ್ನು ನಂಬಬಾರದು ಎಂಬುದು ಅವರ ಪದ್ಧತಿ. ಬೆಳಗಿನ ಜಾವ ನಾವಿಬ್ಬರೂ ಕೇದಾರ ಘಾಟಿಗೆ ಹೋಗಿ ಮೇಲಿನ ಮೆಟ್ಟಿಲಲ್ಲಿ ಶಾಲು ಹೊದ್ದು ಕೂತೆವು. ಸಾವಿತ್ರಮ್ಮ ನಮ್ಮ ಪಕ್ಕ. "ಹನ್ನೆರಡಾಗೋ ತನಕ ಒಂದು ತೊಟ್ಟು ಹಾಲೂ ಮುಟ್ಟಲ್ಲ ಇವರು, ಕರ್ಮ ಮುಗೀದೆ ತಿನ್ನೋ ಹಾಗಿಲ್ಲ" ಎಂದು ಮತ್ತೆ ಮತ್ತೆ ಹೇಳಿದರು. ಭಟ್ಟರು ಬಿದಿರಿನ ಛತ್ರಿಯ ಕೆಳಗೆ ಹಲಗೆಯ ಮೇಲೆ ಕೂತು ಬೆಳಗಾವಿಯ ಒಂದು ಕುಟುಂಬಕ್ಕೆ ಸಂಕಲ್ಪ ಹೇಳಿಸುತ್ತಿದ್ದರು. ಕಂಠ ಆಗಲೂ ಕಂಚಿನದೇ. ಕುಟುಂಬದವರು ಗಂಗೆಗೆ ಇಳಿದರು. ಭಟ್ಟರು ಸೊಂಟದ ಚೀಲಕ್ಕೆ ಕೈಹಾಕಿ ಏನನ್ನೋ ತೆಗೆದು ದವಡೆಗೆ ಒತ್ತಿಕೊಂಡರು. ಮುಂದಿನವರು ಬರುವಷ್ಟರಲ್ಲಿ ಮತ್ತೊಮ್ಮೆ.

ಅದು ನನ್ನ ಕಣ್ಣಿಗೂ ಬಿದ್ದಿತ್ತು, ಆದರೆ ಅದರಲ್ಲಿ ನೋಡುವಂಥದ್ದೇನಿದೆ ಅನ್ನಿಸಿತ್ತು. ಮೇಡಂ ಎದ್ದು ಹೋಗಿ ಅವರ ಮುಂದೆ ಕೂತರು.

"ಭಟ್ಟರೇ, ಬಾಯಲ್ಲೇನದು?"

"ಏನಿಲ್ಲ ಡಾಕ್ಟರಮ್ಮ, ಮುಲೇಠಿ. ಅದೇ, ಜ್ಯೇಷ್ಠಮಧು ಕಡ್ಡಿ. ಗಲಾ ಸಾಫ್ ಇರತ್ತೆ, ಗಂಟಲು ಕಟ್ಟಲ್ಲ."

"ದಿನಾ ಹಾಕ್ಕೋತೀರಾ?"

"ಮಂತ್ರ ಹೇಳೋ ದಿನ ಎಲ್ಲಾ. ಅಂದ್ರೆ ದಿನಾನೇ. ನಮ್ಮಪ್ಪನೂ ಹಾಕ್ಕೋತಿದ್ರು."

ಮೇಡಂ ತಿರುಗಿ ನೋಡಿದರೆ ಸಾವಿತ್ರಮ್ಮನ ಮುಖ ಕೆಂಪಾಗಿತ್ತು. "ನೀವು ಏನು ತಿಂತಾರೆ ಅಂತ ಕೇಳಿದ್ರಿ. ಇದನ್ನ ಯಾರಾದ್ರೂ ತಿಂತಾರಾ? ಔಷಧಿ ಏನು ತಗೋತಾರೆ ಅಂತ ಕೇಳಿದ್ರಿ. ಗಂಟಲು ನೋವಿದ್ರೆ ತಾನೆ ಔಷಧಿ!"

ಅವರ ಮಾತಿನಲ್ಲಿ ತಪ್ಪು ಹುಡುಕಲಾಗದು. ಮಡಿಯ ಮನೆಯಲ್ಲಿ ಅದು ಊಟವೂ ಅಲ್ಲ, ಔಷಧಿಯೂ ಅಲ್ಲ, ಉಪವಾಸವನ್ನೂ ಕೆಡಿಸುವುದಿಲ್ಲ. ಧ್ವನಿಗೆ ಇಟ್ಟ ಎಣ್ಣೆ ಅಷ್ಟೆ. ಆದರೆ ದಿನಗಟ್ಟಲೆ ಚೀಪಿದರೆ ಜ್ಯೇಷ್ಠಮಧು ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯ ಮಾಡುವ ಕಿಣ್ವದ ಕೈ ಕಟ್ಟಿಹಾಕುತ್ತದೆ. ಕಾರ್ಟಿಸೋಲ್ ಅಲ್ಲಿ ಉಳಿದುಕೊಂಡು ಉಪ್ಪು ಹಿಡಿಯುತ್ತದೆ, ಪೊಟ್ಯಾಸಿಯಂ ಹೊರಗೆ ತಳ್ಳುತ್ತದೆ. ಬಿಪಿ ಏರುತ್ತದೆ, ಕಾಲು ಸೋಲುತ್ತದೆ. ಗಂಡಸರಲ್ಲಿ ಮಂದವಾಗಿದೆ ಎಂದು ನಾವು ಮಿಠಾಯಿ ಹಂಚಿದ್ದೆವಲ್ಲ, ಅದೇ ಹೆಜ್ಜೆ.

ಮೇಡಂ ಅಲ್ಲಿಂದಲೇ ನನ್ನನ್ನು ಕೈಬೀಸಿ ಕರೆದರು. ಖುಷಿಯಾಗಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ ಮುಖ ಬಿಳುಚಿಕೊಂಡಿತ್ತು.

"ವನಜಾ, ಭಟ್ಟರ ಹೊಟ್ಟೆ ಕೊಯ್ಯೋದು ಬೇಡ" ಎಂದರು. "ಆದ್ರೆ ನಮ್ಮ ಕೆಲಸ ಹೋಯ್ತು."

ಆಗ ನನಗೆ ಹೊಳೆಯಿತು. ನಮ್ಮ ಅಧ್ಯಯನಕ್ಕೆ ಬಂದ ಗಂಡಸರಲ್ಲಿ ಭಟ್ಟರ ಬಳಗದ ಪುರೋಹಿತರು ಎಷ್ಟೋ ಜನ, ಕೀರ್ತನೆಯವರಿದ್ದರು, ಮೇಷ್ಟರಿದ್ದರು, ಮುಲೇಠಿ ಹಾಕಿದ ಪಾನಿನ ಬೀಡಾ ದಿನವಿಡೀ ಅಗಿಯುವ ಅಂಗಡಿಯವರಿದ್ದರು. ಅವರ ಹೆಂಡತಿಯರಿಗೆ ಯಾತ್ರಿಕರ ಮುಂದೆ ಕಂಠ ಎತ್ತುವ ಕೆಲಸವಿರಲಿಲ್ಲ. ಒಲೆ ಒಂದೇ ಆಗಿತ್ತು, ನಿಜ. ಒಲೆಯ ಮೇಲೆ ಬೇಯದೆ ಬಾಯಿಗೆ ಹೋಗುವುದನ್ನು ನಾವು ಯಾರೂ ಕೇಳಿರಲಿಲ್ಲ.

ಭಟ್ಟರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಆಪರೇಷನ್ನಿಗೆ ಹೂಂ ಅಂದಿದ್ದ ಮನುಷ್ಯ ಕಡ್ಡಿ ಬಿಡಿ ಅಂದರೆ ಕೈಮುಗಿದರು. "ಡಾಕ್ಟರಮ್ಮ, ಹೊಟ್ಟೆ ಬೇಕಾದ್ರೆ ಕೊಯ್ಸಿ. ಗಲಾ ಹೋದ್ರೆ ಈ ಘಾಟಿನಲ್ಲಿ ನಾನು ಯಾರು? ನಮ್ಮ ಮನೆತನದಲ್ಲಿ ಆಸ್ತಿ ಅಂತ ಇರೋದು ಅದೊಂದೇ."

ಬೇರೆ ಡಾಕ್ಟರಾಗಿದ್ದರೆ ಹೆದರಿಸುತ್ತಿದ್ದರು. ಮೇಡಂ ಅವರ ಹಲಗೆಯ ತುದಿಯಲ್ಲಿ ಕೂತೇ ಹೇಳಿದರು: "ನಿಮ್ಮ ಧ್ವನಿ ನನಗೂ ಬೇಕು ಭಟ್ಟರೇ. ಅದು ಹೋಗಬಹುದು, ಸುಳ್ಳು ಹೇಳಲ್ಲ. ಆದ್ರೆ ಕಾಲು ಬರತ್ತೆ. ಎರಡು ವಾರ ಬಿಟ್ಟು ನೋಡಿ. ಆಮೇಲೆ ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ, ನಾನು ಒಂದು ಮಾತೂ ಆಡಲ್ಲ."

ಭಟ್ಟರು ಚೀಲವನ್ನು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಆಪರೇಷನ್ ಮುಂದಕ್ಕೆ ಹೋಯಿತು. ಮೇಡಂ ದಿನ ಬಿಟ್ಟು ದಿನ ರಕ್ತ ತೆಗೆಸಿದರು. ಎರಡು ವಾರ ಮುಗಿಯುವಷ್ಟರಲ್ಲಿ ಪೊಟ್ಯಾಸಿಯಂ ಏರಿ ಬಿಪಿ ಇಳಿದಿತ್ತು, ಭಟ್ಟರು ಗೋಡೆ ಹಿಡಿಯದೆ ನಡೆಯುತ್ತಿದ್ದರು. ಕಂಠ ಮಾತ್ರ ಹತ್ತು ಗಂಟೆಗೇ ಒಡೆದುಹೋಗುತ್ತಿತ್ತು. ಆರಿಸಿಕೊಳ್ಳುವ ದಿನ ಅವರು ಲ್ಯಾಬಿಗೆ ಬಂದು, ಬಾಗಿಲಲ್ಲೇ ನಿಂತು, ಕೀರಲು ದನಿಯಲ್ಲಿ "ಕಾಲೇ ಇರಲಿ ಡಾಕ್ಟರಮ್ಮ" ಎಂದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಸಾವಿತ್ರಮ್ಮ ಅಲ್ಲ, ಮೇಡಂ.

ವಿಭಾಗದ ಮುಖ್ಯಸ್ಥರಿಗೆ ಸುದ್ದಿ ಹೋದಾಗ ನಾನೂ ಅಲ್ಲಿದ್ದೆ. ಕೆಟ್ಟ ಮನುಷ್ಯರಲ್ಲ ಅವರು. ಮೇಡಂ ಮೇಲಿನ ಅಭಿಮಾನದಿಂದಲೇ ಹೇಳಿದರು: "ಅರೇ, ಏಕ್ ಪಂಡಿತ್‌ಜೀ ಕೋ ನಿಕಾಲ್ ದೀಜಿಯೇ, ಬಸ್. ಬಾಕೀ ತೋ ಠೀಕ್ ಹೈ." ಭಟ್ಟರೊಬ್ಬರನ್ನು ಲೆಕ್ಕದಿಂದ ಕೈಬಿಟ್ಟರೆ ಆಯಿತಲ್ಲ, ಯಾರು ಕೇಳುತ್ತಾರೆ ಎಂಬುದು ಅವರ ಭಾವ. ಮೇಡಂ ಸಮ್ಮೇಳನಕ್ಕೆ ಬರಲಾರೆ ಎಂದು ಆಗಲೇ ಬರೆದು ಕಳಿಸಿದ್ದರು. "ಸರ್, ನಾನು ಕಂಡದ್ದು ಗಂಡು ಹೆಣ್ಣಿನ ವ್ಯತ್ಯಾಸ ಅಲ್ಲ. ಬನಾರಸಿನ ಗಂಟಲು" ಎಂದರು. ವರ್ಷಗಟ್ಟಲೆ ಮಾಡಿದ್ದನ್ನು ಒಂದು ಬೆಳಗ್ಗೆ ಕೈಯಾರೆ ಕೆಳಗಿಡುವುದು ಸಣ್ಣ ಮಾತಲ್ಲ. ನನ್ನ ನೌಕರಿಯಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ನೋಡಲಿಲ್ಲ.

ಮತ್ತೆ ಮೊದಲಿಂದ ಶುರು ಮಾಡಿದೆವು. ಗಂಡಸರನ್ನೆಲ್ಲ ಮತ್ತೆ ಮಾತಾಡಿಸಿ, ಬಾಯಲ್ಲಿ ಏನಿಟ್ಟುಕೊಳ್ಳುತ್ತೀರಿ ಎಂದು ಕೇಳಿ, ಒಪ್ಪಿದವರಿಗೆ ಬಿಡಿಸಿ, ಮತ್ತೆ ಡಬ್ಬಿ ಕೊಟ್ಟೆವು. ಮೊದಲಿನ ದೊಡ್ಡ ವ್ಯತ್ಯಾಸ ಮಾಯವಾಯಿತು. ಉಳಿದದ್ದು ಸಣ್ಣದು, ಆದರೆ ಗಟ್ಟಿ. ದಪ್ಪಗಿರುವ ಗಂಡಸರಲ್ಲೂ ಹೆಂಗಸರಲ್ಲೂ ನಲ್ಲಿ ಮತ್ತು ತೂಬು ಎರಡೂ ಜೋರಾಗಿವೆ. ಗಂಡಸರಲ್ಲಿ ಹೊರಗೆ ಹೋಗುವುದು ಇನ್ನಷ್ಟು ಹೆಚ್ಚು. ಹೆಂಗಸರಲ್ಲಿ ಬೊಜ್ಜು ಹೊಟ್ಟೆಯಲ್ಲಿದೆಯೋ ಸೊಂಟದ ಕೆಳಗಿದೆಯೋ ಎಂಬುದರ ಮೇಲೂ ಬದಲಾಗುತ್ತದೆ. ಇದನ್ನು ಸಮ್ಮೇಳನಕ್ಕೆ ಯಾರೂ ಕರೆದು ಕೇಳಲಿಲ್ಲ. ಮೇಡಂ ನಮ್ಮ ಊರಿನ ಡಾಕ್ಟರುಗಳ ಸಣ್ಣ ಸಭೆಯಲ್ಲಿ ಓದಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ಮೇಡಂ ನಿವೃತ್ತರಾಗಿ ಮೈಸೂರಿಗೆ ಮರಳಿದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ದೇವರು ದಿಂಡಿರಲ್ಲಿ ಅವರಿಗೆ ನಂಬಿಕೆ ಅಷ್ಟಕ್ಕಷ್ಟೆ. "ನಾನು ಹೋದ್ರೆ ಬೂದಿ ಎಲ್ಲಾದ್ರೂ ಹಾಕಿ, ಲ್ಯಾಬಿನ ಫ್ರೀಜರ್ ಒಂದು ಬಿಟ್ಟು" ಎಂದು ನಗುತ್ತಿದ್ದರು. ಆದರೆ ಅವರು ತೀರಿಕೊಂಡಾಗ ತಂಗಿಗೆ ಅಕ್ಕ ಬದುಕಿದ ಊರಿಗೇ ಬೂದಿಯನ್ನು ತರಬೇಕೆನ್ನಿಸಿತು. ಒಂದು ದಿನ ಆಕೆ ಮಡಕೆ ಹಿಡಿದು ನನ್ನ ಮನೆಗೆ ಬಂದರು. ನಾನು ಅವರನ್ನು ನೇರವಾಗಿ ಶಿವಾಲಕ್ಕೆ ಕರೆದುಕೊಂಡು ಹೋದೆ.

ಭಟ್ಟರಿಗೆ ಆಗಲೇ ವಯಸ್ಸಾಗಿತ್ತು, ಕೆಲಸವೆಲ್ಲ ಮಗನ ಕೈಗೆ ಬಂದಿತ್ತು. ಯಾರ ಅಸ್ಥಿ ಎಂದು ತಿಳಿದ ಕೂಡಲೇ ಅವರು ಪಂಚೆ ಬಿಗಿದು ಎದ್ದರು. ಮಗ, "ಬಾಬೂಜೀ, ಮೆಟ್ಟಿಲು ಬಹಳ ಇದೆ, ನಾನು ಮಾಡ್ತೀನಿ" ಎಂದ. ಸಾವಿತ್ರಮ್ಮ ಅವನ ತೋಳು ಹಿಡಿದು ನಿಲ್ಲಿಸಿದರು. "ಸುಮ್ನಿರು. ಇದು ನಿಂದಲ್ಲ."

ಮಡಕೆ ಎದೆಗವಚಿಕೊಂಡು ಭಟ್ಟರು ಕೇದಾರ ಘಾಟಿನ ಮೆಟ್ಟಿಲು ಇಳಿದರು. ನಾನು ಕೈ ಕೊಡಲು ಹೋದರೆ ತಲೆಯಾಡಿಸಿದರು. ನೀರಿನಲ್ಲಿ ಮೊಣಕಾಲ ತನಕ ನಿಂತು ಮಂತ್ರ ಶುರು ಮಾಡಿದರು. ನಡುವೆ ದನಿ ಒಡೆಯಿತು. ಕೈ ಹಳೆಯ ಅಭ್ಯಾಸಕ್ಕೆ ಸೊಂಟದ ಕಡೆ ಹೋಯಿತು. ಅಲ್ಲಿ ಚೀಲವಿರಲಿಲ್ಲ. ಉಳಿದದ್ದನ್ನು ತುಟಿಯಲ್ಲೇ ಹೇಳಿ ಮುಗಿಸಿ ಮಡಕೆ ಬಗ್ಗಿಸಿದರು. ಆಮೇಲೆ ತಿರುಗಿ ಮೆಟ್ಟಿಲು ಹತ್ತಿದರು. ಮೇಲಿನವರೆಗೂ ಎಲ್ಲೂ ಕೂರಲಿಲ್ಲ.